ಹೂಂ ಅನ್ನದ ಮಾವ

ನಮ್ಮ ಸೋದರಮಾವನ ಬಾಯಿಂದ ಒಂದೇ ಒಂದು ಸಲ "ಹೂಂ" ಅನ್ನಿಸಿದವರಿಗೆ ತುಮಕೂರಿನಲ್ಲಿ ಆನೆಯ ಮೇಲೆ ಮೆರವಣಿಗೆ ಮಾಡಿಸುತ್ತೇನೆ ಎಂದು ನಾನು ಮನೆಮಂದಿಯ ಎದುರು ಘೋಷಿಸಿ ಬಹಳ ವರ್ಷಗಳಾದವು. ಆನೆಗೆ ಎಲ್ಲಿ ಹೇಳಿಕಳಿಸಬೇಕು ಎಂದು ನಾನು ವಿಚಾರಿಸಿಯೂ ಇರಲಿಲ್ಲ. ಅಷ್ಟು ಧೈರ್ಯ ನನಗೆ!

ನೀವು ಅವರನ್ನು ಏನೇ ಕೇಳಿ, ಅವರು ತಿರುಗಿ ನಿಮ್ಮನ್ನೇ ಇನ್ನೊಂದು ಕೇಳುತ್ತಾರೆ. "ಕಾಫಿ ಕುಡೀತೀರಾ ಮಾವ?" ಅಂದರೆ "ಡಿಕಾಕ್ಷನ್ ಯಾವಾಗ ಇಳಿಸಿದ್ದು?" ಅನ್ನುತ್ತಾರೆ. "ಮಳೆ ಬರೋ ಹಾಗಿದೆ" ಅಂದರೆ "ಯಾವ ಆಧಾರದ ಮೇಲೆ ಹೇಳ್ತೀಯ?" ಅನ್ನುತ್ತಾರೆ. ಆಧಾರ ಏನು ಬಂತು, ಅವರ ಬೋಳುತಲೆಯ ಮೇಲೆ ಆಗಲೇ ಎರಡು ಹನಿ ಬಿದ್ದಿರುತ್ತವೆ! ಒಮ್ಮೆ ಮಠದ ದಾಸೋಹದಲ್ಲಿ ಪಂಕ್ತಿಗೆ ಕೂತಿದ್ದೆವು. ಬಡಿಸುವವರು ಬಂದು, "ಸಾರ್, ಇನ್ನೊಂಚೂರು ಪಾಯ್ಸ ಹಾಕ್ಲಾ?" ಅಂದರು. ಮಾವ, "ಪಾತ್ರೇಲಿ ಎಷ್ಟಿದೆ? ಹಿಂದೆ ಇನ್ನೆಷ್ಟು ಪಂಕ್ತಿ ಕಾಯ್ತಾ ಇದೆ?" ಎಂದು ಕೇಳಿದರು. ಯಾರೋ ತಪಾಸಣೆಗೆ ಬಂದ ಅಧಿಕಾರಿ ಇರಬೇಕು ಎಂದು ಹೆದರಿದ ಆ ಪುಣ್ಯಾತ್ಮರು ಹಿರಿಯರನ್ನು ಕರೆತರಲು ಪಾತ್ರೆಯ ಸಮೇತ ಒಳಗೆ ಓಡಿದರು. ಅವತ್ತು ನಮ್ಮ ಸಾಲಿನವರೆಲ್ಲ ಎರಡನೇ ಸಲದ ಪಾಯಸವಿಲ್ಲದೆ ಎದ್ದೆವು.

ಇದೊಂದು ಕಾಯಿಲೆ ಅಂದುಕೊಂಡಿರಾ? ಅಲ್ಲ ಸ್ವಾಮಿ, ಇದು ಅವರ ಉದ್ಯೋಗ! ನಮ್ಮ ಮಾವ ಹಣಕಾಸು ಶಾಸ್ತ್ರದ ಪ್ರೊಫೆಸರು. ಶಿರಾ ಗೇಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇದೆ. ಅವರು ಬರೆದ ಸಂಶೋಧನೆಗಳೆಲ್ಲ ನನ್ನ ಕೈಯಲ್ಲೇ ಹೊಲಿಸಿಕೊಂಡು ಹೊರಗೆ ಹೋದವು. ಹಾಗಾಗಿ ಅವುಗಳನ್ನು ಮೊದಲು ನೋಡಿದವನು ನಾನೇ. ಓದಿಲ್ಲ, ಅಷ್ಟೆ.

ಆದರೂ ಒಮ್ಮೆ ಕುತೂಹಲ ತಡೆಯಲಾರದೆ, "ಮಾವ, ಇಷ್ಟು ದಪ್ಪ ಬರೆದಿದೀರಲ್ಲ, ಇದ್ರಲ್ಲಿ ಇರೋದಾದ್ರೂ ಏನು?" ಎಂದು ಕೇಳಿದೆ. ದೊಡ್ಡ ಕಂಪನಿಗಳ ಆಡಳಿತ ಮಂಡಳಿಯಲ್ಲಿ, ಅಂದರೆ ಬೋರ್ಡಿನಲ್ಲಿ, ಮೇಜಿನ ಸುತ್ತ ಕೂತ ಬುದ್ಧಿವಂತರೆಲ್ಲ ಸೇರಿ ಒಂದು ದಡ್ಡ ನಿರ್ಧಾರಕ್ಕೆ ಹೇಗೆ ತಲೆ ಅಲ್ಲಾಡಿಸುತ್ತಾರೆ ಎನ್ನುವುದು ಅವರ ಜೀವಮಾನದ ಪ್ರಶ್ನೆಯಂತೆ.

"ಉತ್ತರ ಸಿಕ್ತಾ ಮಾವ?"

"ಸಿಕ್ತು ಕಣೋ. ಹಸಿದವ್ನು ಬೇಗ ಹೂಂ ಅಂತಾನೆ. ಕಷ್ಟದ ವಿಷ್ಯ ಎಲ್ಲಾನೂ ಊಟಕ್ಕೆ ಹತ್ತು ನಿಮಿಷ ಇರೋವಾಗ್ಲೇ ಮುಂದೆ ಇಡ್ತಾರೆ. ಒಳಗಿಂದ ಒಗ್ಗರಣೆ ವಾಸನೆ ಬಂತು ಅಂದ್ರೆ ಮುಗೀತು, ಎಲ್ರೂ ಪಾಸ್, ಪಾಸ್ ಅಂತಾರೆ."

"ಇಷ್ಟಕ್ಕೆ ಇಷ್ಟೊಂದು ಪುಟಾನಾ?"

"ಇಷ್ಟೇ ಬರೆದ್ರೆ ಯಾರ್ಲಾ ನಂಬ್ತಾರೆ?"

ನಂಬುವವರು ನಂಬಲಿ ಬಿಡಲಿ, ಮಾವ ಮಾತ್ರ ತಮ್ಮ ಸಿದ್ಧಾಂತವನ್ನು ಅಕ್ಷರಶಃ ಪಾಲಿಸುತ್ತಿದ್ದರು. ಯಾವ ನಿರ್ಧಾರಕ್ಕೇ ಆಗಲಿ, ಹೊಟ್ಟೆ ತುಂಬಿಸಿಕೊಳ್ಳದೆ ಕೂರುತ್ತಿರಲಿಲ್ಲ. ಅದಕ್ಕೆಂದೇ ಎರಡು ಅಂತಸ್ತಿನ ಒಂದು ಸ್ಟೀಲ್ ಡಬ್ಬಿ ಇತ್ತು. ಕೆಳಗೆ ಉಪ್ಪಿಟ್ಟು, ಮೇಲೆ ಬಾಳೆಹಣ್ಣು. ಒಮ್ಮೆ ಬೆಂಗಳೂರಿನ ಭಾರಿ ಹೋಟೆಲಿನಲ್ಲಿ, ಮಾವನನ್ನೂ ಸೇರಿಸಿಕೊಂಡಿದ್ದ ಒಂದು ಕಂಪನಿಯ ಬೋರ್ಡ್ ಮೀಟಿಂಗು. ಮಾವ ಸೂಟು ಹಾಕಿ, ಹಣೆಗೆ ವಿಭೂತಿ ಇಟ್ಟು, ಆ ಹೋಟೆಲಿನ ಮೆತ್ತನೆಯ ಸೋಫಾದಲ್ಲಿ ಡಬ್ಬಿ ಬಿಚ್ಚಿದರು. ಕಾವಲಿನವರು ಓಡಿ ಬಂದು, "ಸಾರ್, ಹೊರಗಡೆ ತಿಂಡಿ ಇಲ್ಲಿ ತಿನ್ನಂಗಿಲ್ಲ" ಅಂದರು.

"ಒಳಗಡೆ ತಿಂಡಿ ಯಾವಾಗ ಕೊಡ್ತೀರಪ್ಪ?"

"ಮೀಟಿಂಗ್ ಮುಗಿದ್ಮೇಲೆ ಸಾರ್."

"ಅದಕ್ಕೇ ಇದು!" ಎಂದು ಮಾವ ಬಾಳೆಹಣ್ಣು ಸುಲಿದರು.

ಪಾಠ ಮಾಡುವುದರಲ್ಲೂ ಅದೇ ಕಥೆ. ಪ್ರತಿ ವರ್ಷ ಮೊದಲನೇ ದಿನ ತರಗತಿಗೆ ಹೋಗಿ, ಹಲಗೆಯ ಮೇಲೆ ದೊಡ್ಡದಾಗಿ ಒಂದು ಹಸಿ ಸುಳ್ಳು ಬರೆಯುತ್ತಿದ್ದರು. ‘ಲಾಭ ಹೆಚ್ಚಾದಷ್ಟೂ ಅಪಾಯ ಕಡಿಮೆಯಾಗುತ್ತದೆ’ ಅಂತ. ಹುಡುಗರೆಲ್ಲ ತಲೆ ಬಗ್ಗಿಸಿ ಬರೆದುಕೊಳ್ಳುವವರೆಗೂ ಸುಮ್ಮನಿದ್ದು, ಆಮೇಲೆ "ಯಾಕ್ರಯ್ಯಾ ಬರ್ಕೊಂಡ್ರಿ?" ಎಂದು ಗುಡುಗುತ್ತಿದ್ದರು. ಆ ತರಗತಿಯಲ್ಲಿ ಒಂದು ವರ್ಷ ನಾನೂ ಇದ್ದೆ. ನಾನು ಬರೆದುಕೊಂಡದ್ದಷ್ಟೇ ಅಲ್ಲ, ಕೆಂಪು ಇಂಕಿನಲ್ಲಿ ಅಡಿಗೆರೆಯನ್ನೂ ಎಳೆದಿದ್ದೆ! ನಾನು ಬೈಂಡಿಂಗ್ ಅಂಗಡಿ ಇಟ್ಟದ್ದು ಹೇಗೆ ಎಂದು ನೀವು ಇನ್ನು ಕೇಳಬೇಕಾಗಿಲ್ಲ.

ಹಲವು ವರ್ಷ ಹೀಗೇ ನಡೆದ ಮೇಲೆ ಗುಬ್ಬಿ ಕಡೆಯ ಒಂದು ಹುಡುಗಿ ಎದ್ದು ನಿಂತು, "ಸಾರ್, ನೀವು ಬರೆದಿರೋದು ತಪ್ಪು" ಅಂದಳಂತೆ. ಮಾವ ಅವತ್ತು ಕುಣಿಯುತ್ತ ಮನೆಗೆ ಬಂದರು, ಕೈಯಲ್ಲಿ ಒಂದು ಪೊಟ್ಟಣ ಮೈಸೂರ್ ಪಾಕ್! ಮಾರನೆಯ ದಿನ ಅದೇ ಹುಡುಗಿ, "ಸಾರ್, ಒಂಬತ್ತು ಗಂಟೆ ಕ್ಲಾಸಿಗೆ ನೀವೇ ಒಂಬತ್ತೂಕಾಲಿಗೆ ಬಂದ್ರಿ, ನಮಗ್ಯಾಕೆ ಆಬ್ಸೆಂಟ್ ಹಾಕ್ತೀರ?" ಎಂದಳು. ಅವತ್ತು ಮಾತ್ರ ಮೈಸೂರ್ ಪಾಕ್ ಬರಲಿಲ್ಲ.

ಇಂಥವರನ್ನು ಕಟ್ಟಿಕೊಂಡ ನಮ್ಮ ಅತ್ತೆಯ ಪಾಡು ಕೇಳಿ. ಅತ್ತೆ ಕುಣಿಗಲ್ಲಿನವರು. ಹೆಣ್ಣು ನೋಡಲು ಹೋದಾಗ ಹಿರಿಯರು ಮಾವನನ್ನು, "ಏನಪ್ಪ, ಹುಡುಗಿ ಒಪ್ಪಿಗೇನಾ?" ಎಂದು ಕೇಳಿದರಂತೆ. ಮಾವ, "ನಾನು ಅವ್ರಿಗೆ ಒಪ್ಪಿಗೇನಾ ಅಂತ ಯಾರಾದ್ರೂ ಕೇಳಿದ್ರಾ?" ಅಂದರಂತೆ. ಬಾಗಿಲ ಹಿಂದೆ ನಿಂತಿದ್ದ ಅತ್ತೆ ಅದಕ್ಕೇ ಸೋತುಹೋದರು.

"ಆ ಒಂದು ಪ್ರಶ್ನೆಗೆ ಬಿದ್ದೋದೆ ಕಣೋ" ಎಂದು ಈಗಲೂ ನನ್ನ ಹತ್ತಿರ ಹೇಳುತ್ತಾರೆ. "ಇಷ್ಟೊಂದು ಸ್ಟಾಕ್ ಇದೆ ಅಂತ ನಂಗೇನು ಗೊತ್ತಿತ್ತು?"

ಅತ್ತೆಗೆ ಒಡವೆ ಬೇಡ, ರೇಷ್ಮೆ ಸೀರೆ ಬೇಡ. ಅವರ ಆಸೆ ಒಂದೇ. ತಾನು ಹೇಳಿದ ಒಂದು ಮಾತಿಗೆ ಗಂಡ ಏನನ್ನೂ ಕೇಳದೆ, ಸುಮ್ಮನೆ "ಹೂಂ" ಅನ್ನಬೇಕು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅದೊಂದು ಸಿಕ್ಕಿರಲಿಲ್ಲ. ನಾನು ಆನೆಯ ಮೆರವಣಿಗೆ ಘೋಷಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆಯೇ. "ಅಂಬಾರಿ ಸಮೇತ ತರ್ಸಬೇಕು ಕಣೋ, ಬರೀ ಆನೆ ಆಗಲ್ಲ" ಅಂದಿದ್ದರು.

ಇನ್ನು ಕಂಪನಿಗಳ ವಿಷಯ. ಕಂಪನಿಗಳ ಬೋರ್ಡಿನಲ್ಲಿ ಸ್ವತಂತ್ರ ನಿರ್ದೇಶಕರು ಅಂತ ಇರುತ್ತಾರೆ. ಮಾಲೀಕರ ಕಡೆಯವರಲ್ಲದ, ದಾಕ್ಷಿಣ್ಯಕ್ಕೆ ಬೀಳದೆ ಕಣ್ಣಿಟ್ಟು ಕೂರಬೇಕಾದವರು. ಕೂರಬೇಕು ಎಂದು ಕಾನೂನು ಹೇಳುತ್ತದೆ. ಬಾಯಿ ಬಿಟ್ಟರೆ ಯಾರಿಗೂ ಸೇರುವುದಿಲ್ಲ. ಗುಬ್ಬಿಯ ಆಚೆ, ಬಿದರೆಹಳ್ಳಿ ಕಾವಲ್ ಕಡೆ ತೆಂಗಿನಕಾಯಿ ಪುಡಿ ಮಾಡುವ ಒಂದು ಕಂಪನಿಯವರು ಮಾವನನ್ನು ಹಾಗೆ ಕೂರಿಸಿಕೊಂಡಿದ್ದರು. ಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಡ್ರೈವಿಂಗ್ ಸ್ಕೂಲಿಗೆ ಸೇರಿದ್ದರು, ಅವರ ಪ್ರಶ್ನೆಗಳಿಗೆ ಹೆದರಿ ಮೂರನೇ ದಿನ ಹೇಳಿಕೊಡುವವರೇ ಬರಲಿಲ್ಲ! ಹಾಗಾಗಿ ಅಲ್ಲಿನ ಒಂದು ಮೀಟಿಂಗಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಮೀಟಿಂಗಿನ ಕಾಗದಗಳ ಜೆರಾಕ್ಸೂ ನನ್ನದೇ ಆದ್ದರಿಂದ ಹಂಚುವ ನೆಪದಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತೆ.

ಫ್ಯಾಕ್ಟರಿಯನ್ನು ಎರಡರಷ್ಟು ದೊಡ್ಡದು ಮಾಡುವ ಯೋಜನೆ. ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ, ಎಲ್ಲ ಗೆರೆಗಳೂ ಮೇಲಕ್ಕೇ ಹೋಗುತ್ತಿದ್ದವು. ಒಳಗಿಂದ ಹೋಳಿಗೆ ವಾಸನೆ ಬರತೊಡಗಿತು. ಎಲ್ಲರ ತಲೆಯೂ ಆಡತೊಡಗಿತು. ಆಗ, ಬೆಳಿಗ್ಗೆಯೇ ಉಪ್ಪಿಟ್ಟು ಮುಗಿಸಿದ್ದ ನಮ್ಮ ಮಾವ ಕೇಳಿದರು.

"ಯಜಮಾನ್ರೆ, ತೆಂಗಿನಕಾಯಿ ಎಲ್ಲಿಂದ ಬರುತ್ತೆ?"

"ಸಾರ್, ಇದು ಸ್ಟ್ರಾಟಜಿ ಮಟ್ಟದ ಚರ್ಚೆ" ಅಂದರು ಅಧ್ಯಕ್ಷರು.

"ಸರಿ. ಕಾಯಿ ಎಲ್ಲಿಂದ ಬರುತ್ತೆ? ಹೆಬ್ಬೂರಲ್ಲಿ ನಮ್ಮ ತೋಟದಲ್ಲೇ ಈಗ ಎಳನೀರಿಗೆ ಕೊಟ್ಬಿಡ್ತಾರೆ. ಎಳನೀರು ಇಳಿಸಿದ ಗೊನೇಲಿ ಮತ್ತೆ ಕಾಯಿ ಬಲಿಯುತ್ತಾ?"

ಆಡುತ್ತಿದ್ದ ತಲೆಗಳೆಲ್ಲ ನಿಂತವು. ಕೊನೆಗೆ ಮೇಜಿನ ಆ ತುದಿಯಲ್ಲಿದ್ದ ಇನ್ನೊಬ್ಬ ನಿರ್ದೇಶಕರು ಮೆಲ್ಲಗೆ ಗಂಟಲು ಸರಿಮಾಡಿಕೊಂಡು, "ನಂದೂ ಎಳನೀರಿಗೇ ಹೋಗೋದು" ಅಂದರು!

ಯೋಜನೆಯನ್ನು ಕೈಬಿಟ್ಟರು. ಹೋಳಿಗೆ ತಣ್ಣಗಾಯಿತು. ಮುಂದಿನ ವರ್ಷ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮಾವನನ್ನೂ ಕೈಬಿಟ್ಟರು. ಹೀಗೆ ಮೂರು ಕಂಪನಿಗಳಿಂದ ಮೂರು ಶಾಲು ಬಂದಿವೆ. ಅತ್ತೆ ಒಂದನ್ನು ಮಿಕ್ಸಿಗೆ, ಒಂದನ್ನು ಗ್ರೈಂಡರಿಗೆ, ಇನ್ನೊಂದನ್ನು ಹೊಲಿಗೆ ಮೆಷಿನ್ನಿಗೆ ಹೊದಿಸಿದ್ದಾರೆ. "ಇನ್ನೊಂದು ಕಂಪ್ನಿ ಸೇರ್ಕೊಳ್ಳಿ, ಫ್ರಿಜ್ಜು ಹಾಗೇ ಇದೆ" ಎಂದು ರೇಗಿಸುತ್ತಿದ್ದರು.

ಇಷ್ಟೆಲ್ಲ ಹೇಳಿ ನಾನು ನಿಮ್ಮನ್ನು ನಗಿಸಬಹುದು. ಮುಂದಿನದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ.

ಈ ವರ್ಷದ ಆರಂಭದಲ್ಲಿ ಒಂದು ದಿನ ಅತ್ತೆ, "ರೀ, ಮೆಟ್ಲು ಹತ್ತಿದ್ರೆ ಏದುಸಿರು ಬರುತ್ತೆ. ಡಾಕ್ಟ್ರಿಗೆ ತೋರ್ಸೋಣ್ವಾ?" ಎಂದರು. ಬೇರೆ ಯಾವ ಗಂಡನಾದರೂ ಹೂಂ ಅನ್ನುತ್ತಿದ್ದ. ಮಾವ, "ಎಷ್ಟನೇ ಮೆಟ್ಲಿಗೆ ಬರುತ್ತೆ? ಊಟಕ್ಕೆ ಮುಂಚೇನೋ ಆಮೇಲೋ? ಎರಡು ವಾರ ಬರೆದಿಡು, ಡಾಕ್ಟ್ರು ಕೇಳಿದ್ರೆ ಹೇಳೋಕೆ ಬೇಕಲ್ಲ" ಅಂದರು. ಅತ್ತೆ ಪಾಪ, ಮಹಡಿಗೆ ಬಟ್ಟೆ ಒಣಹಾಕಲು ಹೋಗಿ ಬಂದಾಗಲೆಲ್ಲ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಹನ್ನೆರಡು, ಹನ್ನೊಂದು, ಹನ್ನೊಂದು, ಒಂಬತ್ತು. ಅಷ್ಟರಲ್ಲಿ ಮಾವನಿಗೆ ಯಾವುದೋ ಸೆಮಿನಾರು ಬಂದು ಎರಡು ವಾರ ನಾಲ್ಕಾಯಿತು. ಒಂದು ಬೆಳಿಗ್ಗೆ ಅತ್ತೆ ಬಕೆಟ್ಟಿನ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತರು. ಕ್ಯಾಲೆಂಡರಿನ ಕೊನೆಯ ಅಂಕಿ ನಾಲ್ಕು.

ಹೃದಯದ ಕವಾಟ ಕಿರಿದಾಗಿದೆ, ತಡಮಾಡದೆ ಆಪರೇಷನ್ ಆಗಬೇಕು ಅಂದರು ಡಾಕ್ಟರು. ನಾನು ಮಾವನ ಮುಖ ನೋಡಿದೆ. ಈಗ ಶುರುವಾಗುತ್ತದೆ, ಈ ಡಾಕ್ಟರ ಕಥೆ ಮುಗಿಯಿತು ಅಂದುಕೊಂಡೆ. ಮಾವ ಏನನ್ನೂ ಕೇಳಲಿಲ್ಲ. ಒಪ್ಪಿಗೆಪತ್ರ ಕೈಗೆ ಕೊಟ್ಟಾಗ ಅದನ್ನು ಕೊನೆಯವರೆಗೂ ಓದಿದರು. ಯಾವ ಕಾಗದ ಸಿಕ್ಕರೂ ಅಂಚಿನಲ್ಲಿ ಪ್ರಶ್ನೆ ಗೀಚಲೆಂದು ಸದಾ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದ ಪೆನ್ಸಿಲ್ಲು ಕೆಳಗಿಳಿಯಲಿಲ್ಲ. ಸಹಿ ಹಾಕಿ ಕೊಟ್ಟುಬಿಟ್ಟರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಆಪರೇಷನ್ನಿನ ದಿನ ಬೆಳಿಗ್ಗೆ ಅತ್ತೆಯನ್ನು ಗಾಲಿಮಂಚದ ಮೇಲೆ ಕರೆದೊಯ್ಯುತ್ತಿದ್ದರು. ಬಾಗಿಲ ಹತ್ತಿರ ಅತ್ತೆ, "ಸ್ವಲ್ಪ ನಿಲ್ಸಮ್ಮಾ" ಎಂದು ನರ್ಸಿಗೆ ಹೇಳಿ, ಮಾವನ ಕಡೆ ತಿರುಗಿದರು.

"ರೀ, ನಾನು ವಾಪಸ್ ಬರ್ತೀನಿ. ಹೂಂ ಅನ್ನಿ."

ಮಾವ ಬಾಯಿ ತೆರೆದರು. ಯಾವ ಆಧಾರದ ಮೇಲೆ ಹೇಳ್ತೀಯ ಎನ್ನುವ ಪ್ರಶ್ನೆ ತುಟಿಯವರೆಗೆ ಬಂದದ್ದು ನನಗೆ ಕಾಣಿಸಿತು. ಅದನ್ನು ಅವರು ನುಂಗಿಕೊಂಡದ್ದೂ ಕಾಣಿಸಿತು.

"ಹೂಂ" ಅಂದರು.

ಬಾಗಿಲು ಮುಚ್ಚಿತು. ಮಾವ ಬೆಂಚಿನ ಮೇಲೆ ಕೂತರು. ತೊಡೆಯ ಮೇಲೆ ಅದೇ ಸ್ಟೀಲ್ ಡಬ್ಬಿ.

"ಅವ್ಳು ಏದುಸಿರು ಅಂದಾಗ ನಾನು ಬರೆದಿಡು ಅಂದೆ ಕಣೋ" ಅಂದರು. "ಎಲ್ರನ್ನೂ ಕೇಳೋ ನನ್ನ ಯಾರೂ ಕೇಳ್ಲಿಲ್ಲ, ಯಾಕೋ ಹಿಂಗ್ ಮಾಡ್ದೆ ಅಂತ." ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಇಬ್ಬರೂ ಅತ್ತೆವು.

ಆಪರೇಷನ್ ಚೆನ್ನಾಗಿ ಆಯಿತು. ಕೆಲವು ದಿನ ಕಳೆದು ಅತ್ತೆಯನ್ನು ವಾರ್ಡಿಗೆ ತಂದರು. ಬಾಡಿದ ಮುಖ, ಸಣ್ಣ ದನಿ, ಆದರೆ ಕಣ್ಣಿನಲ್ಲಿ ಅದೇ ಕಿಡಿಗೇಡಿತನ. ಅವರನ್ನು ನಗಿಸೋಣವೆಂದು, "ಅತ್ತೆ, ಗೆದ್ಬಿಟ್ರಿ! ಮಾವ ಹೂಂ ಅಂದ್ರಲ್ಲ, ಆನೆ ಎಲ್ಲಿಗೆ ತರ್ಸಲಿ?" ಎಂದೆ.

ಅತ್ತೆ ಮಾವನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. "ಅವತ್ತು ತಿಂಡಿ ತಿಂದಿದ್ರೇನ್ರೀ?"

"ಇಲ್ಲ ಕಣೇ."

"ಹಂಗಾದ್ರೆ ಅದು ಲೆಕ್ಕಕ್ಕಿಲ್ಲ ಬಿಡಿ. ಹಸಿದವ್ನು ಬೇಗ ಹೂಂ ಅಂತಾನೆ ಅಂತ ನೀವೇ ಬರೆದಿದೀರ. ಹೋಗಿ ತಿಂದ್ಕೊಂಡ್ ಬಂದು ಇನ್ನೊಂದ್ಸಲ ಹೇಳಿ."

ಮಾವ ಮರುಮಾತಾಡದೆ ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ಬೆಳಿಗ್ಗೆ ತಾವೇ ಮಾಡಿದ ಉಪ್ಪಿಟ್ಟು. ರವೆ ಗಂಟುಗಂಟಾಗಿತ್ತು, ಉಪ್ಪು ಹಾಕಿದ್ದರೋ ಇಲ್ಲವೋ ಆ ದೇವರೇ ಬಲ್ಲ. ಒಂದು ಕಾಳು ಬಿಡದೆ ತಿಂದರು. ಬಾಳೆಹಣ್ಣನ್ನೂ ತಿಂದರು. ಕೈ ತೊಳೆದು, ಕರ್ಚೀಫಿನಲ್ಲಿ ಒರೆಸಿಕೊಂಡು, ಒಳಗೆ ಹೋಗಿ ಅತ್ತೆಯ ಮಂಚದ ಪಕ್ಕ ನಿಂತರು.

"ನಾನು ಮನೆಗೆ ಬರ್ತೀನಿ ಕಣ್ರೀ" ಅಂದರು ಅತ್ತೆ.

"ಹೂಂ" ಅಂದರು ನಮ್ಮ ಮಾವ.