ಸೀಗಡಿ ತೊಟ್ಟಿಗೆ ಸಿಹಿನೀರು

ನಮ್ಮ ಮನೆಯವರು ಹದಿನಾರು ವರ್ಷದಲ್ಲಿ ನನ್ನ ಸಾರಿನ ಉಪ್ಪಿನ ಬಗ್ಗೆ ಒಂದು ಮಾತೂ ಆಡಿದವರಲ್ಲ. ಆದರೆ ಸೀಗಡಿ ಸಾಕಿದ ತೊಟ್ಟಿಯ ನೀರನ್ನು ದಿನಾ ಚಮಚದಲ್ಲಿ ತೆಗೆದು ನಾಲಿಗೆಗೆ ಹಚ್ಚಿ, "ಇವತ್ತು ಸವಳು ಹೆಚ್ಚಾಗೇತಿ ನೋಡು" ಎನ್ನುತ್ತಿದ್ದರು! ಇಂಥವರಿಗೆ ಏನೆನ್ನಬೇಕು?

ಬಸವನ ಬಾಗೇವಾಡಿಯಲ್ಲಿ ಸಾಲೆ ಮಾಸ್ತರು. ತತ್ತಿಯನ್ನೂ ಒಳಗೆ ಬಿಡದ ಮನೆ ನಮ್ಮದು. ಎಪ್ಪತ್ತೆರಡರ ಬರ ಕಳೆದು ಹೊಳೆಗೆ ನೀರು ಬಂದ ವರ್ಷ, ಕಿಟಕಿ ಗಾಜಿನಿಂದ ಒಂದು ತೊಟ್ಟಿ ಮಾಡಿಸಿ, ಉಸುಕು ಹಾಸಿ, ನೀರುಗಿಡ ನೆಟ್ಟರು. ನಿಡಗುಂದಿ ಕಡೆಯ ಹೊಳೆಯಿಂದ ಸೀಗಡಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಪಕ್ಕದ ಮನೆಯ ಅಜ್ಜಿ ಇಣುಕಿದಳು.

"ಮಾಸ್ತರ, ಮಸಾಲಿ ಅರೀಲೇನ್ರಿ?"

"ಆಯೀ, ಇವು ಉಣ್ಣಾಕಲ್ಲ, ಉಣಸಾಕ!"

ಉಣಿಸಿದರು. ಆದರೂ ಅವು ಸಾಯತೊಡಗಿದವು. ಗಿಡ ಹಸಿರಾಗಿ ಬೆಳೆಯುತ್ತಿತ್ತು. ಬುಡದಲ್ಲಿ ದಿನಕ್ಕೊಂದು ಸೀಗಡಿ ಅಡ್ಡಬಿದ್ದಿರುತ್ತಿತ್ತು. ಉಸುಕಿನ ತಪ್ಪೆಂದು ಏಳು ಸಲ ತೊಳೆದರು. ಅನ್ನದಗುಳು ಕೊಳೆಯಿತೆಂದು ಅವನ್ನು ಉಪವಾಸ ಹಾಕಿದರು. ಹೊಗೆಯಿಂದಲೇ ಎಂದು ಬೀಡಿ ಬಿಟ್ಟರು. ನಾನು ಕಾಲು ಹಿಡಿದರೂ ಬಿಡದವರು! ಕಡೆಗೆ ನಮ್ಮ ಬಾವಿಯ ಸವಳು ನೀರೇ ಕಾರಣವೆಂದು ತೀರ್ಮಾನವಾಗಿ, ಊರಾಚೆಯ ಬಾವಿಯಿಂದ ಸಿಹಿನೀರು ತರುವ ಕೆಲಸ ನನಗೆ ಬಂತು. ತವರಿನ ತಾಮ್ರದ ಕೊಡವನ್ನು ದಿನಾ ಹುಣಸೆಹಣ್ಣು ಹಚ್ಚಿ, ಮುಖ ಕಾಣುವಂತೆ ತಿಕ್ಕಿ, ಅದರಲ್ಲೇ ತರುತ್ತಿದ್ದೆ. ಸಾವು ಇನ್ನೂ ಹೆಚ್ಚಿತು.

ನಮಗೆ ಹುಟ್ಟಿದ ಮೂರರಲ್ಲಿ ಒಂದೂ ಉಳಿದಿರಲಿಲ್ಲ. "ಆಕಿ ಕೈಯಾಗ ಏನೂ ಉಳಿಯಂಗಿಲ್ಲ ಬಿಡು" ಎಂದು ಬಾವಿಕಟ್ಟೆಯಲ್ಲಿ ಯಾರೋ ಅಂದರು. ಬಂದು ತೊಟ್ಟಿಯ ಮುಂದೆ ಕೂತೆ. ಒಂದೇ ಸೀಗಡಿ ಉಳಿದಿತ್ತು, ಹೊಟ್ಟೆಯಡಿ ತತ್ತಿ ಹೊತ್ತುಕೊಂಡು.

"ಇದನ್ನಾದ್ರೂ ಉಳಸ್ರಿ" ಎಂದೆ.

ಅವರು ಚಪ್ಪಲಿ ಮೆಟ್ಟಿ ಸಿಂದಗಿ ಬಸ್ಸು ಹತ್ತಿದರು. ಅಲ್ಲಿ ವಿಜ್ಞಾನ ಕಲಿಸುವ ಗೆಳೆಯರೊಬ್ಬರಿದ್ದರು. ಸಂಜೆ ಬಂದವರೇ ಓಣಿಗೆಲ್ಲ ಕೇಳುವಂತೆ ಕೂಗಿದರು: "ಕದ್ದು ಬೀಡಿ ಸೇದತಿದ್ದೆ, ಅದ ಕೈ ನೀರಾಗ ಅದ್ದತಿದ್ದೆ. ತಪ್ಪು ನಂದು!"

ಎರಡು ದಿನ ಬೈದೆ. ಬೈಸಿಕೊಂಡರು. ಅಷ್ಟೇ ಅಲ್ಲ, "ನಿನಗ ಸೊಂಟ ನೋವು" ಎಂದು (ನನ್ನ ಸೊಂಟಕ್ಕೆ ಏನಾಗಿತ್ತು?) ತಾವೇ ಮಣ್ಣಿನ ಕೊಡ ಹೆಗಲಿಗೇರಿಸಿ ಬಾವಿಗೆ ಹೊರಟರು.

"ಮಾಸ್ತರ, ಕೈಗೆ ಬಳಿ ಯಾವಾಗ ಇಡಸ್ಕೋತೀರಿ?" ಹೆಂಗಸರು ನಕ್ಕರು.

"ಅಳತಿ ಕೊಟ್ಟ ಬಂದೇನ್ರೆವ್ವಾ!"

ನಾನೂ ಸೆರಗು ಬಾಯಿಗೆ ಹಚ್ಚಿ ನಕ್ಕೆ. ತಾಯಿ ಸೀಗಡಿ ಉಳಿಯಿತು. ತೊಟ್ಟಿ ತುಂಬ ಎಳ್ಳಿನಂಥ ಮರಿಗಳು!

ಅವರು ತೀರಿಕೊಂಡು ತಿಂಗಳಾಯಿತು. ಮೊನ್ನೆ ಸಿಂದಗಿಯ ಗೆಳೆಯರು ಮಾತಾಡಿಸಲು ಬಂದಿದ್ದರು. ನೀರು ಇಳಿದಿತ್ತೆಂದು ನಾನು ತಾಮ್ರದ ಕೊಡ ಎತ್ತಿ ತೊಟ್ಟಿಯ ಹತ್ತಿರ ಹೋದೆ. ಅವರು ಗಾಬರಿಯಾಗಿ ಎದ್ದರು.

"ಅಕ್ಕಾರ, ಬ್ಯಾಡ್ರಿ! ತಾಮ್ರದ ನಂಜು ಸೀಗಡಿ ತಡಿಯಂಗಿಲ್ಲ. ಹುಣಸಿಹಣ್ಣಲೆ ತಿಕ್ಕಿದ್ದಂತೂ ಇನ್ನೂ ಕೆಟ್ಟ. ಅವತ್ತ ಮಾಸ್ತರಿಗೆ ಹೇಳಿದ್ದೆ..." ಎಂದವರು ಮಾತು ತಡೆದರು. ಆಮೇಲೆ ನೆಲ ನೋಡುತ್ತ ಹೇಳಿದರು: "ಮನ್ಯಾಗ ಆಕಿಗೆ ಗೊತ್ತಾಗಬಾರದು ಅಂತ ನನ್ನ ಎರಡೂ ಕೈ ಹಿಡಕೊಂಡಿದ್ರರಿ."

ಅವರಿಗೆ ಚಹಾ ಕೊಟ್ಟು ಕಳಿಸಿದೆ. ಬಾಗಿಲು ಮುಂದೆ ಮಾಡಿ, ಇಷ್ಟು ವರ್ಷ ಒಮ್ಮೆಯೂ ಬಾಯಲ್ಲಿ ತರದಿದ್ದ ನನ್ನ ಗಂಡನ ಹೆಸರನ್ನು, ಯಾರೂ ಇಲ್ಲದ ಮನೆಯಲ್ಲಿ, ಗಟ್ಟಿಯಾಗಿ ಕರೆದೆ.