ಕಣ್ಣಿಗೊತ್ತಿಕೊಂಡ ರಾಜ

ಮನುಷ್ಯನಿಗೆ ತನ್ನ ಮುಖದ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇರಲಾರದು. ನನ್ನದು ತಾಂಡೂರಿನ ಕಲ್ಲಿನಂಥ ಮುಖ, ಒಳಗೆ ಏನು ನಡೆದಿದೆ ಎಂದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ. ನಾನೇ ಹೇಳಿಕೊಂಡು ನಾನೇ ಒಪ್ಪಿಕೊಂಡಿದ್ದೆ. ಜಹೀರಾಬಾದಿನಲ್ಲಿ ನನ್ನದೊಂದು ಪೈಪು, ಮೋಟಾರಿನ ಅಂಗಡಿ. ಗಿರಾಕಿಗಳೊಂದಿಗೆ ತೆಲುಗಿನಲ್ಲಿ ಚೌಕಾಸಿ, ಪಕ್ಕದ ಅಂಗಡಿಯವನೊಂದಿಗೆ ಉರ್ದುವಿನಲ್ಲಿ ಹರಟೆ, ಹೆಂಡತಿಯೊಂದಿಗೆ ಕನ್ನಡದಲ್ಲಿ ಸೋಲು. ಮೂರು ಭಾಷೆ ನುಂಗಿದ ಮುಖ ಎಷ್ಟು ಗಟ್ಟಿಯಾಗಿರಬೇಡ ಎಂಬುದು ನನ್ನ ಲೆಕ್ಕಾಚಾರ.

ಈ ಭ್ರಮೆಗೆ ನೀರೆರೆದು ಬೆಳೆಸಿದ್ದು ಮೊಬೈಲಿನ ಪೋಕರ್ ಆಟ. ತಲಾ ಎರಡು ಎಲೆ ಗುಟ್ಟಾಗಿ ಹಂಚುತ್ತಾರೆ, ನಡುವೆ ಐದು ಎಲೆ ಎಲ್ಲರಿಗೂ ಕಾಣುವಂತೆ ಹರಡುತ್ತಾರೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲ ಇದ್ದವನಂತೆ ನಟಿಸಿ ಎದುರಿನವರನ್ನು ಹೆದರಿಸಿ ಓಡಿಸುವುದೇ ಅದರ ಮರ್ಮ. ನಮ್ಮಲ್ಲಿ ರೊಕ್ಕ ಇಟ್ಟು ಆಡುವುದಕ್ಕೆ ನಿಷೇಧ, ಹಾಗಾಗಿ ನನ್ನದು ರೊಕ್ಕದ ಬದಲು ಪುಕ್ಕಟೆ ಬಿಲ್ಲೆಗಳ ಆಟ. ಗೆದ್ದರೆ ಪರದೆಯ ಮೇಲೆ ಹೂಮಳೆ. ಸೋತರೆ ಬೇಜಾರು ಮಾಡಿಕೊಳ್ಳಬೇಡ ಎಂದು ಇನ್ನೊಂದು ರಾಶಿ ಬಿಲ್ಲೆ. ಸೋತವನಿಗೂ ಬಹುಮಾನ ಸಿಗುವ ಜಾಗದಲ್ಲಿ ಪಂಡಿತನಾಗುವುದು ಎಂಥ ಮಹಾ ಕೆಲಸ? ಆದರೂ ಆ ಯಂತ್ರ ನನಗೆ ‘ಮಹಾರಾಜ’ ಎಂಬ ಪದವಿ ಕೊಟ್ಟಾಗ ನಾನು ನಾಚಿಕೆಯಿಲ್ಲದೆ ಪಕ್ಕದ ಅಂಗಡಿಯವನಿಗೆ ಚಹಾ ಕುಡಿಸಿದೆ.

ಹೆಂಡತಿ ಮಹಾದೇವಿ ನಾರಾಯಣಖೇಡದ ಕಿರಾಣಿ ಅಂಗಡಿಯವರ ಮಗಳು. "ಗಲ್ಲಾದ ಮ್ಯಾಲ ಕುಂತವರು ಗಿರಾಕಿ ಮಾರಿ ನೋಡಬೇಕ್ರಿ, ಮೊಬೈಲ್ ಮಾರಿ ಅಲ್ಲ" ಎಂದು ಗೊಣಗುತ್ತಿದ್ದಳು. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡಿಸುವ ಅವಳ ತಮ್ಮ ಬಸವರಾಜ ಒಂದು ದಿನ, "ಮಾಮಾ, ಗೋವಾಕ್ಕ ಹೊಂಟೀನಿ, ನೀವೂ ಬರ್ರಿ. ಖರೇ ಮಂದಿ ಜೋಡಿ ಆಡಿ ತೋರಸ್ರಿ" ಎಂದ. ಅವಳು ತಡೆಯಲಿಲ್ಲ. "ಹೋಗಿಬರ್ರಿ. ಗೆದ್ದು ಬಂದ್ರ ನಾ ಮತ್ತ ಬಾಯಿ ತೆರಿಯಂಗಿಲ್ಲ. ಸೋತು ಬಂದ್ರ ಗಲ್ಲಾದ ಮ್ಯಾಲ ನಾ ಕೂಡ್ತೀನಿ" ಎಂದಳು. ನನ್ನ ಅಪ್ಪ ಕೂತ ಗಲ್ಲಾ ಅದು. ಮಹಾರಾಜನಿಗೆ ಸಿಂಹಾಸನದ ಚಿಂತೆಯೇ? ಆಗಲಿ ಎಂದುಬಿಟ್ಟೆ.

ಗೋವಾದ ಕ್ಯಾಸಿನೊ ಎಂದರೆ ನದಿಯಲ್ಲಿ ನಿಂತೇ ಇರುವ ಒಂದು ಹಡಗು. ಹತ್ತಿದವರು ಎಲ್ಲಿಗೂ ಹೋಗುವುದಿಲ್ಲ, ಹೋಗುವುದೆಲ್ಲ ಅವರ ರೊಕ್ಕ. ಒಳಗೆ ಬಿಸಿಲಿನ ಸುಳಿವಿಲ್ಲ, ಆದರೂ ನನ್ನ ಎದುರಿನ ಬೋಳುತಲೆಯವನಿಗೆ ಕಪ್ಪು ಕನ್ನಡಕ. ಅವನ ಪಕ್ಕದವನು ಜಡಿಮಳೆಯಲ್ಲಿ ಹೊರಟವನಂತೆ ತಲೆಯ ತುಂಬ ಟೋಪಿ ಎಳೆದುಕೊಂಡಿದ್ದ. ಉಳಿದವರು ಬಿಲ್ಲೆಗಳನ್ನು ಟಕಟಕ ಎನಿಸುತ್ತ ಕೂತಿದ್ದರು. ಇಷ್ಟು ದೊಡ್ಡ ಗಂಡಸರು ಮುಖ ಮುಚ್ಚಿಕೊಂಡು ಎರಡು ಇಸ್ಪೀಟು ಎಲೆ ಕಾಯುವುದನ್ನು ಕಂಡು ನನಗೆ ಅಸಹ್ಯವೇ ಆಯಿತು. ಹುಟ್ಟಾ ಕಲ್ಲುಮುಖದವನಿಗೆ ಇಂಥ ಸೋಗು ಬೇಕಿಲ್ಲ ಎಂದುಕೊಂಡು ಎದೆಯುಬ್ಬಿಸಿ ಕೂತೆ.

ಸ್ವಲ್ಪ ಹೊತ್ತಿಗೆ ಜೋಡಿ ರಾಜ ಬಂದರು. ಧೈರ್ಯವಾಗಿ ಬಿಲ್ಲೆ ಮುಂದೆ ತಳ್ಳಿದೆ. ಎಲ್ಲರೂ ಎಲೆ ಎಸೆದು ಹಿಂದೆ ಸರಿದರು. ಸಿಕ್ಕಿದ್ದು ಚಿಲ್ಲರೆ. ಮುಂದೆ ಜೋಡಿ ಎಕ್ಕ ಬಂದಾಗಲೂ ಅದೇ ಕತೆ. ನನ್ನನ್ನು ಕಂಡರೆ ಇವರಿಗೆ ನಡುಕ ಎಂದು ಬೀಗಿದೆ. ಎಲೆ ಹಂಚುವ ಹುಡುಗಿ ಮಾತ್ರ ಮತ್ತೆ ಮತ್ತೆ, ಎಲೆಗಳನ್ನು ಮೇಜಿನಿಂದ ಮೇಲೆತ್ತಬೇಡಿ ಎಂದು ಹಿಂದಿಯಲ್ಲಿ ವಿನಯವಾಗಿ ಹೇಳುತ್ತಿದ್ದಳು. ಕೆಟ್ಟ ಎಲೆ ಬಂದಾಗ ಹೆದರಿಸಲು ನೋಡಿದರೆ ಒಬ್ಬನೂ ಹೆದರಲೊಲ್ಲ. ಬೋಳುತಲೆಯವನು ಕನ್ನಡಕ ತೆಗೆದು ಒರೆಸುತ್ತ ಕೂತ. ಅದನ್ನು ಮತ್ತೆ ಹಾಕಿಕೊಳ್ಳುವ ಅಗತ್ಯವೇ ಅವನಿಗೆ ಕಾಣಲಿಲ್ಲ.

ಚಹಾಕ್ಕೆಂದು ಎದ್ದಾಗ ಬಸವರಾಜ ನನ್ನನ್ನು ಮೂಲೆಗೆ ಎಳೆದ. "ಮಾಮಾ, ಏನ್ ಮಾಡಾಕತ್ತೀರಿ? ಛಲೋ ಎಲಿ ಬಂದಾಗೊಮ್ಮೆ ಕಣ್ಣಿಗೆ ಹಚ್ಚಿ ನಮಸ್ಕಾರ ಮಾಡಾಕತ್ತೀರಲ್ಲ!"

ಅಂಗಡಿಯ ಚಾಳಿ. ಬೆಳಗಿನ ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳದೆ ಗಲ್ಲಾಕ್ಕೆ ಹಾಕಿದ ದಿನವೇ ಇಲ್ಲ. ಅಪ್ಪ ಕಲಿಸಿದ್ದು. ರಾಜನೂ ಎಕ್ಕನೂ ಬಂದಾಗ ಕೈ ತಾನಾಗಿಯೇ ಏಳುತ್ತಿತ್ತು. ಮೊಬೈಲಿನಲ್ಲಿ ಅದನ್ನು ನೋಡುವವರು ಯಾರಿದ್ದರು? ಇದನ್ನೇ ಅಸ್ತ್ರ ಮಾಡಿಕೊಳ್ಳುತ್ತೇನೆ ನೋಡು ಎಂದು ಮರಳಿ ಹೋಗಿ ಕೂತೆ. ಬಂದದ್ದು ಎರಡು ದರಿದ್ರ ಎಲೆ. ಸರಿ, ಕಣ್ಣಿಗೊತ್ತಿಕೊಂಡು ಎಲ್ಲರನ್ನೂ ಓಡಿಸೋಣ ಎಂದು ಎಲೆ ಎತ್ತಿದೆ. ಕೈ ಗದ್ದದವರೆಗೆ ಬಂದು ನಿಂತಿತು. ಸುಳ್ಳನ್ನು ಕಣ್ಣಿಗೊತ್ತಿಕೊಳ್ಳಲು ಆಗಲಿಲ್ಲ, ದೇವರಾಣೆ ಆಗಲಿಲ್ಲ. ಆ ಎಲೆಗಳಿಂದ ಗದ್ದ ತುರಿಸಿಕೊಂಡೆ. ಟೋಪಿಯವನು ಮೊದಲ ಸಲ ಹಲ್ಲು ತೋರಿಸಿ ನಕ್ಕ, ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ. ಆಮೇಲೆ ಒಮ್ಮೆ ಜೋಡಿ ರಾಣಿ ಬಂದರು. ಎಲೆ ಎತ್ತಬಾರದು ಎಂಬುದು ನೆನಪಿತ್ತು, ಎತ್ತಲಿಲ್ಲ. ತಲೆಯನ್ನೇ ಬಗ್ಗಿಸಿ ಮೇಜಿನ ಮೇಲಿನ ಎಲೆಗೆ ಕಣ್ಣೊತ್ತಿದೆ. ಇದರ ಮುಂದಿನ ಕತೆ ಬೇಡ.

ಮನೆಗೆ ಬಂದು ಚೀಲ ಇಟ್ಟು, ಮುಖ ಕಲ್ಲು ಮಾಡಿಕೊಂಡು "ಛಲೋ ಆತು" ಎಂದೆ.

"ಸೋತೀರಿ" ಎಂದಳು ಮಹಾದೇವಿ.

"ಯಾರ್ ಹೇಳಿದ್ರು? ಬಸವರಾಜ ಫೋನ್ ಮಾಡಿದ್ನೇನು?"

"ಗೆದ್ದಿದ್ರ ಚಪ್ಪಲ್ ಬಿಡೂದ್ರಾಗೇ ರೊಕ್ಕ ಕಣ್ಣಿಗೆ ಹಚ್ಚಿ ದೇವರ ಜಗಲಿ ಮ್ಯಾಲ ಇಡ್ತಿದ್ರಿ."

ಮರುದಿನ ಅವಳು ಗಲ್ಲಾದ ಮೇಲೆ, ನಾನು ಅವಳ ಹಿಂದೆ ಪೈಪು ಅಳೆಯುವ ಆಳು. ರಾಯಿಕೋಡಿನ ರೈತನೊಬ್ಬ ಮೋಟಾರಿಗೆ ಬಂದ. ನಮ್ಮ ಕನ್ನಡವೇ ಆಡುವ ಮನುಷ್ಯ. ಅವನು ಬೆಲೆ ಇಳಿಸಿ ಕೇಳಿದ. "ಅಣ್ಣಾ, ನಮಗ ಖರೀದಿ ಬಿದ್ದಿದ್ದೇ ಅಷ್ಟದ. ಇದು ಕಡೀ ಮೋಟಾರ್. ನಾಳಿ ಬಂದ್ರ ಇರಂಗಿಲ್ಲ" ಎಂದು ಹೇಳಿ ಅವಳು ಆಕಳಿಸಿದಳು. ಕಣ್ಣಿನ ರೆಪ್ಪೆ ಕೂಡ ಅಲುಗಲಿಲ್ಲ. ಅಂಥದೇ ಮೋಟಾರುಗಳು ಗೋದಾಮಿನಲ್ಲಿ ಒಂದರ ಮೇಲೊಂದು ಕೂತಿವೆ, ಜೋಡಿಸಿಟ್ಟವನು ನಾನೇ. ಆ ಹಡಗಿಗೆ ಹೋಗಬೇಕಾದವಳು ಇವಳು ಎಂದು ನಾನು ಬೆರಗಾಗಿ ನಿಂತೆ. ರೈತ ರೊಕ್ಕಕ್ಕೆ ಜೇಬಿಗೆ ಕೈ ಹಾಕಿದವನು, ಯಾಕೋ ನನ್ನ ಕಡೆ ನೋಡಿದ. ನನ್ನ ಮುಖದಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ. ಕೈ ಹೊರಗೆ ತೆಗೆದು, "ಕಮ್ಮಿ ಮಾಡ್ರೆಕ್ಕಾ, ನಿಮ್ಮ ಬಲ್ಲಿ ಇನ್ನಾ ಭಾಳ ಅವ" ಎಂದ.

ಕಮ್ಮಿ ಮಾಡಲೇಬೇಕಾಯಿತು. ಅವನು ಹೋದ ಮೇಲೆ ಅವಳು ಬೋಣಿಯ ರೊಕ್ಕವನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. "ಇನ್ನ ಮ್ಯಾಲ ನೀವು ಗೋದಾಮಿನ್ಯಾಗೇ ಇರ್ರಿ. ಗಿರಾಕಿ ಇದ್ದಾಗ ಹೊರಗ ಬರಬ್ಯಾಡ್ರಿ" ಎಂದಳು.

ಇದನ್ನು ಗೋದಾಮಿನಲ್ಲೇ ಕೂತು ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ನಾನು ಈಗಲೂ ಮಹಾರಾಜ. ಹೊರಗೆ ಯಾರೋ ಬಂದಂತಿದೆ, ಅವಳು ಇದು ಕಡೀ ಮೋಟಾರ್ ಎನ್ನುತ್ತಿದ್ದಾಳೆ. ಯಾರಾದರೂ ಇಣುಕಿಯಾರು ಎಂದು ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದೇನೆ.