ಎರ್ಲಡ್ಡು ನೋಡದ ಇಂಜಿನಿಯರು

ಕುತ್ತಿಗೆಗೆ ದುರ್ಬೀನು ತಗುಲಿಸಿಕೊಂಡು ಚಳ್ಳಕೆರೆ ಸೀಮೆಯ ಬಯಲಿಗೆ ಇಳಿದರೆ ಹಕ್ಕಿ ಸಿಗುತ್ತದೆಂಬ ಖಾತರಿಯೇನೂ ಇಲ್ಲ. ನಗೆಪಾಟಲಿಗೆ ಮಾತ್ರ ನಮಗೆ ಯಾವ ಭಾನುವಾರವೂ ಕೊರತೆಯಾಗಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸ ನನ್ನನ್ನು ಮೊಳಕಾಲ್ಮೂರಿಗೆ ತಂದು ಹಾಕಿತ್ತು. ಅಲ್ಲಿ ನೇಯ್ದ ರೇಷ್ಮೆ ಸೀರೆಗಳನ್ನು ಹೊರದೇಶದ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಅಷ್ಟು ಹೊತ್ತಿಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಸುಮಾರು ದೇಶ ಸುತ್ತಿದ್ದೆ. ಕೆನ್ಯಾದಲ್ಲಿ ಉಷ್ಟ್ರಪಕ್ಷಿ ನೋಡಿದ್ದೆ. ಅದನ್ನು ಗುರುತಿಸಲು ಪುಸ್ತಕವೇನೂ ಬೇಕಾಗಲಿಲ್ಲ. ಇಲ್ಲಿನವು ಹಾಗಲ್ಲ. ಮುಕ್ಕಾಲು ಪಾಲು ಹಕ್ಕಿಗಳು ಮಣ್ಣಿನ ಬಣ್ಣದವು, ಮಣ್ಣಿನ ಮೇಲೆಯೇ ಕೂರುವಂಥವು, ನಾವು ಪುಟ ತಿರುವುವಷ್ಟರಲ್ಲಿ ಇನ್ನೊಂದು ಮಣ್ಣಿನ ಗುಡ್ಡೆಯ ಹಿಂದೆ ಹೋಗಿಬಿಡುವಂಥವು.

ನಮ್ಮದು ಮೂರು ಜನರ ಗುಂಪು. ನಾನು, ಮೊಳಕಾಲ್ಮೂರಿನ ಒಬ್ಬ ನೇಕಾರ, ಮತ್ತು ಚಳ್ಳಕೆರೆಯ ಕರೆಂಟ್ ಆಫೀಸಿನ ಇಂಜಿನಿಯರು. ಇಂಜಿನಿಯರಿಗೆ ಬದುಕಿನಲ್ಲಿ ಒಂದೇ ಆಸೆ, ಎರ್ಲಡ್ಡು ನೋಡಬೇಕು. ಸೊಂಟದೆತ್ತರದ ಭಾರೀ ಹಕ್ಕಿ ಅದು. ಬಿಳಿ ಕುತ್ತಿಗೆ, ನೆತ್ತಿಯ ಮೇಲೆ ಕರಿ ಟೋಪಿ, ಹುಲ್ಲಿನಲ್ಲಿ ನಡೆದುಕೊಂಡೇ ಓಡಾಡುತ್ತದೆ. ಆಗಲೇ ಅಪರೂಪವಾಗಿತ್ತು. ಇವರು ಹುಡುಗರಾಗಿದ್ದಾಗ ತಂದೆಯ ಜೊತೆ ಗಾಡಿಯಲ್ಲಿ ಹೋಗುವಾಗ ಒಂದು ಎದುರಾಗಿತ್ತಂತೆ. ತಂದೆ ನೋಡಿದರು, ಎತ್ತುಗಳೂ ನೋಡಿದವು, ಇವರು ಹಿಂದೆ ಹುಲ್ಲಿನ ಮೇಲೆ ಮಲಗಿ ನಿದ್ದೆ ಹೋಗಿದ್ದರು.

"ಎಬ್ಬಿಸಲಿಲ್ಲ ಮೇಡಂ," ಅನ್ನುತ್ತಿದ್ದರು, ಐವತ್ತು ದಾಟಿದ ಮೇಲೂ. "ಎತ್ತುಗಳು ನೋಡಿದವು. ನನ್ನನ್ನು ಎಬ್ಬಿಸಲಿಲ್ಲ."

ಸಿಹಿನೀರು

ದೊಡ್ಡಉಳ್ಳಾರ್ತಿಯ ಕಾವಲು ಅಂದರೆ ಕಣ್ಣು ಹಾಯುವಷ್ಟೂ ಹುಲ್ಲುಗಾವಲು. ಎರ್ಲಡ್ಡು ಇದ್ದರೆ ಅಲ್ಲೇ ಇರಬೇಕೆಂದು ಇಂಜಿನಿಯರ ಲೆಕ್ಕ. ಮೊದಲ ಸಲ ಅಲ್ಲಿಗೆ ಹೋದಾಗ ನಾವು ಮೂವರೂ ಸಾಲಾಗಿ ನಿಂತು ದುರ್ಬೀನು ಹಿಡಿದು ಬಯಲನ್ನು ಉದ್ದಕ್ಕೂ ನೋಡುತ್ತಿದ್ದೆವು. ಊರಿನ ಹಿರಿಯರೊಬ್ಬರು ಬೀಡಿ ಸೇದುತ್ತಾ ಬಂದು ಹಿಂದೆ ನಿಂತರು.

"ಸರ್ವೇನಾ?"

"ಅಲ್ಲ ಯಜಮಾನ್ರೇ, ಹಕ್ಕಿ ನೋಡ್ತಿದ್ದೀವಿ," ಅಂದೆ.

"ಹಕ್ಕಿ ನೋಡಾಕೆ ಚಳ್ಳಕೆರೆಯಿಂದ ಪೆಟ್ರೋಲ್ ಸುಟ್ಕಂಡು ಬಂದೀರಾ?"

"ಹೂಂ."

ಅವರು ಬೀಡಿ ಆರಿಸಿ, ಕಣ್ಣು ಕಿರಿದು ಮಾಡಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಆತು ಬಿಡ್ರಿ. ಮೇಲಿನೋರು ಹೇಳಬ್ಯಾಡ ಅಂದಿರ್ತಾರೆ," ಅಂತ ಹೊರಟುಹೋದರು.

ಮುಂದಿನ ಭಾನುವಾರ ಹೋದರೆ ನಮ್ಮ ಜಾಗದಲ್ಲಿ ಒಂದಷ್ಟು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕುಳಿತಿದ್ದರು. ಬೋರ್‌ವೆಲ್ ಕೊರೆಯಲು ಜಾಗ ಗುರುತು ಮಾಡುವವರು ಬರುತ್ತಾರೆಂದು ಯಜಮಾನರು ಸುದ್ದಿ ಹಬ್ಬಿಸಿದ್ದರು. ಇಂಜಿನಿಯರು ಗಾಬರಿಯಾಗಿ ಹಕ್ಕಿಗಳ ಪುಸ್ತಕ ತೆಗೆದು, ಒಂದೊಂದೇ ಚಿತ್ರ ತೋರಿಸಿ, ನಾವು ಬಂದಿರುವುದು ಇದಕ್ಕೆ, ಇದಕ್ಕೆ, ಇದಕ್ಕೆ ಎಂದು ವಿವರಿಸಿದರು. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಒಬ್ಬಾಕೆ ಎದ್ದು ನಿಂತು ಹೇಳಿದಳು:

"ಅದ್ರಾಗೆ ಯಾವುದಾನ ಮಾಡ್ರಿ ಸಾರ್. ನೀರು ಸಿಹಿ ಬಂದ್ರೆ ಸಾಕು."

ಬಣ್ಣದ ತಕರಾರು

ನಮ್ಮ ನೇಕಾರನಿಗೆ ಹಕ್ಕಿಯ ಕೊಕ್ಕು, ಕಾಲು, ರೆಕ್ಕೆಯ ಗೆರೆ ಯಾವುದೂ ಲೆಕ್ಕಕ್ಕಿಲ್ಲ. ಬಣ್ಣ ಒಂದೇ. ಅದೂ ಸೀರೆಯ ಬಣ್ಣ.

ಒಂದು ಬೆಳಿಗ್ಗೆ ದೂರದ ದಿಬ್ಬದ ಮೇಲೆ ಪುಟ್ಟ ಹಕ್ಕಿಯೊಂದು ಮುದುರಿ ಕೂತಿರುವುದನ್ನು ಇಂಜಿನಿಯರು ಪತ್ತೆ ಮಾಡಿದರು. ನೆಲಗುಬ್ಬಿ ಅಂದರು. ನಾನು, ಅಲ್ಲ, ಹಾಡುತ್ತಾ ಮೇಲೇರುವ ಬಾನಾಡಿ ಅಂದೆ. ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ, ಆದ್ದರಿಂದ ಜಗಳಕ್ಕೆ ಬಹಳ ಅನುಕೂಲ.

"ಮೈ ಕಂದು ಇದೆ ನೋಡಿ ಮೇಡಂ," ಅಂದರು ಇಂಜಿನಿಯರು.

"ಕಂದು ಅಂದ್ರೆ ಯಾವ ಕಂದು ಸಾರ್?" ನೇಕಾರ ಬಾಯಿ ಹಾಕಿದ. "ಕಾಪಿಪುಡಿನಾ, ಹುಣಸೆಹಣ್ಣಾ, ಇಟ್ಟಿಗೆನಾ?"

"ಕಂದು ಅಂದ್ರೆ ಕಂದು ಕಣಯ್ಯ."

"ಅಂಗಂದ್ರೆ ಹೆಂಗೆ ಸಾರ್? ಅಂಗಡಿಗೆ ಬಂದ ಹೆಣ್ಮಗಳು ಕಂದು ಕೊಡಿ ಅಂದ್ರೆ ನಾನು ಯಾವುದು ಬಿಚ್ಚಲಿ? ಇದು ಕಾಪಿಪುಡಿ. ಅಂಚಿಗೆ ಒಂಚೂರು ಒಣಹುಲ್ಲು. ಬುಟ್ಟಾ ಇಲ್ಲ."

ಬಿಸಿಲೇರುವವರೆಗೂ ವಾದ ನಡೆಯಿತು. ತಲೆಯ ಮೇಲೆ ಜುಟ್ಟಿದೆ ಎಂದು ಇಂಜಿನಿಯರು, ಇಲ್ಲವೆಂದು ನಾನು. ಅದು ಅಲುಗಾಡದೆ ಕೂತಿರುವುದೇ ನೆಲಗುಬ್ಬಿಯ ಲಕ್ಷಣ ಎಂದು ಇಂಜಿನಿಯರು, ನಮಗೆ ಹೆದರಿ ಕೂತಿದೆ ಎಂದು ನಾನು. ಅಷ್ಟರಲ್ಲಿ ಕುರಿಮಂದೆ ಬಂತು. ಮುಂದಿದ್ದ ಕುರಿ ನೇರ ದಿಬ್ಬ ಹತ್ತಿ, ನಮ್ಮ ಹಕ್ಕಿಯನ್ನು ತುಳಿದು ಎರಡು ಹೋಳು ಮಾಡಿ, ಮುಂದೆ ಹೋಯಿತು. ಒಣಗಿದ ಸಗಣಿ.

ಮೂವರೂ ದುರ್ಬೀನು ಕೆಳಗಿಳಿಸಿದೆವು. ಇಂಜಿನಿಯರ ವ್ಯಾನು ಹತ್ತುವಾಗ ನೇಕಾರ ಮೆಲ್ಲಗೆ ಹೇಳಿದ: "ಏನೇ ಅನ್ರಿ ಸಾರ್, ಬಣ್ಣ ಮಾತ್ರ ನಾನು ಹೇಳಿದ್ದೇ."

ಕಂಬದ ಮೇಲೆ

ಇಂಜಿನಿಯರ ಈ ಹುಚ್ಚು ತಾಲ್ಲೂಕಿಗೆಲ್ಲ ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಒಂದು ದಿನ ನಾನು ಅವರ ಆಫೀಸಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಫೋನು ಬಂತು. ಯಾವುದೋ ಹಳ್ಳಿಯ ರೈತ, ನನಗೂ ಕೇಳುವಷ್ಟು ದೊಡ್ಡ ದನಿ.

"ಸಾರ್, ನಮ್ಮ ಹೊಲದತ್ರ ಎರ್ಲಡ್ಡು ಬಂದೈತೆ. ಟ್ರಾನ್ಸ್‌ಫಾರ್ಮರ್ ಮ್ಯಾಲೆ ಕುಂತೈತೆ!"

ಇಂಜಿನಿಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನಾನೂ ಹಿಂದೆ ಓಡಿದೆ. ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಇದ್ದರು. ಹೋಗಿ ನೋಡಿದರೆ ಟ್ರಾನ್ಸ್‌ಫಾರ್ಮರ್ ಇತ್ತು, ರೈತ ಇದ್ದ, ಹಕ್ಕಿ ಇರಲಿಲ್ಲ.

"ಈಗ್ತಾನೆ ಎದ್ದು ಹೋತು ಸಾರ್," ಅಂದ ಅವನು, ಸಂಕೋಚವೇ ಇಲ್ಲದೆ. "ಹೆಂಗೂ ಬಂದೀರಲ್ಲ. ಇದು ಸುಟ್ಟು ವಾರ ಆತು, ಒಂಚೂರು ನೋಡಿಬಿಡ್ರಿ."

ಸಂಜೆಯೊಳಗೆ ಅಲ್ಲಿ ಕರೆಂಟು ಬಂತು. ಆ ಬೇಸಿಗೆಯಲ್ಲಿ ಚಳ್ಳಕೆರೆ ತಾಲ್ಲೂಕಿನ ಸುಟ್ಟ ಟ್ರಾನ್ಸ್‌ಫಾರ್ಮರ್‌ಗಳ ಮೇಲೆಲ್ಲ ಎರ್ಲಡ್ಡು ಕೂರತೊಡಗಿತು. ಕೆಟ್ಟ ಮೋಟರಿನ ಪಕ್ಕದಲ್ಲಿ ಮೊಟ್ಟೆಯನ್ನೂ ಇಟ್ಟಿತು.

ನನಗೆ ತಡೆಯಲಾಗಲಿಲ್ಲ. "ಸಾರ್, ಅದು ಕಂಬದ ಮೇಲೆ, ಮರದ ಮೇಲೆ ಎಲ್ಲೂ ಕೂರುವ ಹಕ್ಕಿಯೇ ಅಲ್ಲ. ನನಗೆ ಹೇಳಿಕೊಟ್ಟವರೇ ನೀವು."

"ಗೊತ್ತು ಮೇಡಂ," ಅಂದರು. "ಆದ್ರೆ ಆ ಹಕ್ಕಿಗೆ ಅದು ಗೊತ್ತಿಲ್ಲದೆ ಇದ್ರೆ?"

ಪಾಲಪಿಟ್ಟ

ಆಮೇಲೆ ಇಂಜಿನಿಯರಿಗೆ ಕರಾವಳಿಗೆ ವರ್ಗವಾಯಿತು. ಕರಾವಳಿಯಲ್ಲಿ ಹಕ್ಕಿಗಳಿಗೇನೂ ಬರವಿಲ್ಲ, ಎರ್ಲಡ್ಡು ಮಾತ್ರ ಇಲ್ಲ. ದಸರಾ ಮುಗಿದ ಮರುದಿನವೇ ಹೊರಡಬೇಕಿತ್ತು. ವಿಜಯದಶಮಿಯ ಬೆಳಿಗ್ಗೆ ಕೊನೆಯ ಸಲ ಕಾವಲಿಗೆ ಹೋಗೋಣವೆಂದು ನಮ್ಮಿಬ್ಬರನ್ನು ಕರೆದೊಯ್ಯಲು ಮೊಳಕಾಲ್ಮೂರಿಗೆ ವ್ಯಾನು ತಂದರು.

ನೇಕಾರನ ಮನೆಯ ಹೊಸ್ತಿಲಲ್ಲಿ ಅವನ ತಾಯಿ, ನಮಗೆಲ್ಲ ಅಜ್ಜಿ, ಹೊಸ ಸೀರೆ ಉಟ್ಟು, ಮುಖ ಊದಿಸಿಕೊಂಡು ಕುಳಿತಿದ್ದರು. ಅವರ ಮನೆಮಾತು ತೆಲುಗು. ಆ ಕಡೆಯವರಿಗೆ ವಿಜಯದಶಮಿಯ ದಿನ ಪಾಲಪಿಟ್ಟ ನೋಡಿದರೆ ಶುಭ. ನಾವು ನೀಲಕಂಠ ಅನ್ನುತ್ತೇವಲ್ಲ, ಅದೇ ನೀಲಿ ರೆಕ್ಕೆಯ ಹಕ್ಕಿ. ಅಜ್ಜಿಯ ಪದ್ಧತಿ ಇನ್ನೂ ಬಿಗಿ: ಅದನ್ನು ನೋಡುವತನಕ ಬಾಯಿಗೆ ನೀರೂ ಹಾಕುವುದಿಲ್ಲ. ವರ್ಷ ವರ್ಷವೂ ಬೀದಿಯ ಕೊನೆಯ ತಂತಿಯ ಮೇಲೆ ಬಂದು ಕೂರುತ್ತಿದ್ದದ್ದು ಈ ಸಲ ಬಂದಿರಲಿಲ್ಲ.

"ವಾರ ವಾರ ಮಗ್ಗ ಬಿಟ್ಟು ಹಕ್ಕಿ ನೋಡಾಕೆ ಹೋಗ್ತೀಯಲ್ಲೋ," ಅಂತ ಮಗನನ್ನು ತರಾಟೆಗೆ ತೆಗೆದುಕೊಂಡರು. "ಇವತ್ತು ಒಂದು ಹಕ್ಕಿ ಬೇಕು ಅಂದ್ರೆ ಎಲ್ಲಿಗೆ ಹೊಂಟೆ?"

ನೇಕಾರ ನೆಲ ನೋಡಿದ. ನಾನು ವ್ಯಾನು ನೋಡಿದೆ. ಇಂಜಿನಿಯರು ಗಡಿಯಾರ ನೋಡಿಕೊಂಡು, ಉಸಿರು ಬಿಟ್ಟು, ವ್ಯಾನಿನ ಬಾಗಿಲು ತೆಗೆದರು. "ಹತ್ತಿ ಅಜ್ಜಿ. ಅದು ತಂತಿ ಮೇಲೆ ಕೂರೋ ಹಕ್ಕಿ. ಇಲ್ಲಿಂದ ಚಳ್ಳಕೆರೆ ತನಕ ತಂತಿಯೆಲ್ಲ ನಮ್ಮದೇ."

ಅಜ್ಜಿ ಹೋಳಿಗೆಯ ಡಬ್ಬಿ ಸಮೇತ ಹತ್ತಿದರು. ಇಂಜಿನಿಯರು ಕಟ್ಟಪ್ಪಣೆ ಮಾಡಿದರು: ತಂತಿ ಬಿಟ್ಟು ಯಾರೂ ಬೇರೇನೂ ನೋಡಕೂಡದು. ಅವರು ಮುಂದಿನ ತಂತಿ, ನೇಕಾರ ಎಡದ್ದು, ನಾನು ಬಲದ್ದು. ಅಜ್ಜಿಗೆ ಮಾತ್ರ ಕೆಲಸವಿರಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಾ ಕುಳಿತರು.

ಕೊಂಡ್ಲಹಳ್ಳಿ ದಾಟಿತು. ಕಾಜಾಣ ಸಿಕ್ಕಿತು, ಬೆಳವ ಸಿಕ್ಕಿತು, ಹರಿದ ಗಾಳಿಪಟ ಸಿಕ್ಕಿತು. ಪಾಲಪಿಟ್ಟ ಇಲ್ಲ. ಚಳ್ಳಕೆರೆಯೂ ಹಿಂದಾಯಿತು. ಬಿಸಿಲು ನೆತ್ತಿಗೆ ಬರುತ್ತಿತ್ತು, ಅಜ್ಜಿಯ ತುಟಿ ಒಣಗಿತ್ತು. ಕೊನೆಗೆ ದೊಡ್ಡಉಳ್ಳಾರ್ತಿ ಕಾವಲಿನ ಪಕ್ಕದ ತಂತಿಯ ಮೇಲೆ ಒಂದು ಕೂತಿತ್ತು. ಮೂವರೂ ಒಟ್ಟಿಗೆ ಕೂಗಿದೆವು.

ಅಜ್ಜಿ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. "ಇದಾ? ಇದು ಮಣ್ಣಿನ ಬಣ್ಣ ಐತೆ. ಪಾಲಪಿಟ್ಟ ನೀಲಿ. ಮುದುಕಿ ಅಂತ ಆಟ ಆಡಿಸ್ತೀರಾ?"

ಅವರ ಮಾತೂ ಸುಳ್ಳಲ್ಲ. ಕೂತಿರುವಾಗ ಅದರ ಎದೆಯ ಕಂದು ಬಣ್ಣವೇ ಎದ್ದು ಕಾಣುತ್ತದೆ, ಹಾರಿದಾಗಲೇ ನೀಲಿ ಬಿಚ್ಚಿಕೊಳ್ಳುವುದು. ಹಾಗಾದರೆ ಹಾರಿಸಬೇಕು. ಒಣಗಿದ ಎಲೆ ತುಳಿದರೂ ಬೈಯುತ್ತಿದ್ದ, ಸೀನು ಬಂದರೂ ನುಂಗಿಕೊಳ್ಳಿ ಎನ್ನುತ್ತಿದ್ದ ಇಂಜಿನಿಯರು ಚಪ್ಪಾಳೆ ತಟ್ಟಿದರು. ನೇಕಾರ ಸಿಳ್ಳೆ ಹೊಡೆದ. ನಾನು ಹಾರ್ನ್ ಒತ್ತಿದೆ. ಹಕ್ಕಿ ಅತ್ತಿತ್ತ ಕತ್ತು ತಿರುಗಿಸಿ ನಮ್ಮನ್ನು ಗುರುತಿಸಲು ಪ್ರಯತ್ನಿಸುತ್ತಿತ್ತು. ಇಂಜಿನಿಯರು ಕಂಬವನ್ನೇ ತಬ್ಬಿ ಅಲುಗಿಸಿದ ಮೇಲೆ ಬೇಸರಪಟ್ಟು ಎದ್ದಿತು. ರೆಕ್ಕೆ ಬಿಚ್ಚಿದ್ದೇ ತಡ, ಆಕಾಶದಲ್ಲಿ ನೀಲಿ ಸೀರೆ ಝಾಡಿಸಿದಂತಾಯಿತು.

ಅಜ್ಜಿ ಕೈಮುಗಿದರು. ಮೋರಿಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಎಲ್ಲರ ಕೈಗೂ ಹೋಳಿಗೆ ಕೊಟ್ಟು, ತಾವೂ ಒಂದು ಮುರಿದರು. ಜಗಿಯುತ್ತಾ ಕೇಳಿದರು:

"ಈಗ ಹಿಂದುಗಡೆ ಆ ಜಾಲಿಗಿಡದತ್ರ ಒಂದು ನಡ್ಕಂಡು ಹೋಗ್ತಿತ್ತಲ್ಲ, ಅದೂ ಹಕ್ಕಿನೇನಾ? ಕುರಿಮರಿ ಅಷ್ಟಿತ್ತು. ಕುತ್ತಿಗೆ ಬಿಳೀದು. ತಲೆ ಮ್ಯಾಲೆ ಟೋಪಿ ಇಟ್ಟಂಗಿತ್ತು."

ಇಂಜಿನಿಯರ ಕೈಯಿಂದ ಹೋಳಿಗೆ ಬಿತ್ತು. "ಅಜ್ಜೀ! ಯಾಕೆ ಹೇಳಲಿಲ್ಲ?"

"ಅದು ನೀಲಿ ಇರ್ಲಿಲ್ಲ ನಾಯನಾ."

ಅವರು ಓಡಿದರು. ನೇಕಾರನೂ ಹಿಂದೆ ಓಡಿದ. ಜಾಲಿಗಿಡದ ಸುತ್ತ ಇಂಜಿನಿಯರು ಬಗ್ಗಿ, ಹುಲ್ಲನ್ನು ಕೈಯಿಂದ ಸರಿಸಿ ಸರಿಸಿ ಹುಡುಕುತ್ತಿದ್ದರು, ಅಷ್ಟು ದೊಡ್ಡ ಹಕ್ಕಿ ಹುಲ್ಲಿನ ಬುಡದಲ್ಲಿ ಸೂಜಿಯಂತೆ ಬಿದ್ದಿರುತ್ತದೋ ಎಂಬಂತೆ. ಆಗ ಅವರ ಬೆನ್ನ ಹಿಂದೆ, ದೂರದ ತಗ್ಗಿನಿಂದ ಅದು ಎದ್ದಿತು. ಭಾರವಾದ ರೆಕ್ಕೆ ಬಡಿಯುತ್ತಾ ನೇರ ಅವರ ಕಡೆಗೇ ಬಂತು.

"ಸಾರ್! ಮೇಲೆ! ಮೇಲೆ!" ನಾನು ಕಿರುಚಿದೆ.

ಇಂಜಿನಿಯರು ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ ಒಂದು ಕೈಯನ್ನು ನಮ್ಮ ಕಡೆ ಬೀಸಿ, "ಶ್! ಗಲಾಟೆ ಮಾಡಿದ್ರೆ ಹಾರಿಹೋಗುತ್ತೆ!" ಅಂದರು.

ಅದರ ನೆರಳು ಹುಲ್ಲಿನ ಮೇಲೆ ತೇಲಿ ಬಂದು ಅವರ ಕೈ ಮೇಲೆ ಹಾದುಹೋಯಿತು. ಆಗ ಎತ್ತಿದರು ತಲೆ. ದುರ್ಬೀನು ಬೇಕಾಗಲಿಲ್ಲ. ಬಿಳಿ ಕುತ್ತಿಗೆ, ಕರಿ ಟೋಪಿ, ಎಲ್ಲವೂ ಅವರ ನೆತ್ತಿಯ ಮೇಲಿಂದಲೇ ದಾಟಿ, ಕಾವಲಿನ ಆಚೆ ದಿಬ್ಬದ ಹಿಂದೆ ಇಳಿಯಿತು.

ನಾವು ಹತ್ತಿರ ಹೋದಾಗ ಅವರು ಹುಲ್ಲಿನಲ್ಲೇ ಕುಳಿತಿದ್ದರು. ಕಣ್ಣಲ್ಲಿ ಧಾರಾಕಾರ ನೀರು. ಅಜ್ಜಿ ನಿಧಾನವಾಗಿ ನಡೆದು ಬಂದು, ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಸೆರಗಿನಿಂದ ಅವರ ಮುಖ ಒರೆಸಿದರು.

"ಅಳಬ್ಯಾಡ ನಾಯನಾ," ಅಂದರು. "ಅಷ್ಟು ಓಡಿ ಬಂದು ನೋಡಿದ್ರೆ ಇದೂ ಮಣ್ಣಿನ ಬಣ್ಣದ್ದೇ, ಬ್ಯಾಸರ ಆಗ್ತೈತೆ. ನಡಿ, ಇನ್ನೊಂಚೂರು ಮುಂದಕ್ಕೆ ಹೋಗಾನ. ನಿಂಗೂ ನೀಲಿದು ಸಿಗ್ತೈತೆ."